ಶನಿವಾರ ಸಿನಿಮಾ, ಭಾನುವಾರ ಟೆಂಟು: ಪುಷ್ಯ ಮಳೆಗೆ ಕ್ಯಾಮೆರಾ ಬ್ಯಾಗಲ್ಲಿ ಏನೇನಿರಬೇಕು?

ತೋಟದಮೂಲೆ
ಎಲ್ಲರಿಗೂ ನಮಸ್ಕಾರ. ಜುಲೈ ಕೊನೇ ವಾರ ಸಾಗರದ ಕಡೆ ಎರಡು ದಿನದ ತಿರುಗಾಟ ಇದೆ. ಶನಿವಾರ ರಾತ್ರಿ ಊರಿನ ಸಮುದಾಯ ಭವನದಲ್ಲಿ ಸಿನಿಮಾ: ಪ್ರೊಜೆಕ್ಟರು, ಬಿಳಿ ಪರದೆ, ನೂರೈವತ್ತು ಜನ. ನನಗೆ ಬೇಕಿರೋದು ಪರದೆ ಅಲ್ಲ, ನೋಡೋರ ಮುಖ. ಭಾನುವಾರ ಹೊಸನಗರದ ಹತ್ತಿರ ಪರಿಚಯದವರ ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಟೆಂಟ್. ಕಪ್ಪೆ, ಅಣಬೆ, ಮಂಜು, ಸಿಕ್ಕಿದ್ದು.

ಇರೋ ಸಾಮಾನು: ಒಂದು ಮಿರರ್‌ಲೆಸ್ ಬಾಡಿ (ಲೆನ್ಸ್ ಬದಲಿಸೋ ಕ್ಯಾಮೆರಾ), ಮೂರು ಲೆನ್ಸು: 35 ಎಂಎಂ ಎಫ್ 1.8 (ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), 24-105 ಜೂಮ್, 90 ಮ್ಯಾಕ್ರೋ (ಚಿಕ್ಕ ವಸ್ತು ಹತ್ತಿರದಿಂದ ತೆಗೆಯೋಕೆ), ಒಂದು ಟ್ರೈಪಾಡ್.

ಪ್ರಶ್ನೆ ಮೂರು. ಒಂದು, ಇಂಥದೇ ಪ್ರದರ್ಶನದ ಹಳೇ ಫೋಟೋಗಳಲ್ಲಿ ಪರದೆ ಮೇಲೆ ಕೆಂಪು-ಹಸಿರು ಪಟ್ಟೆ ಬಂದಿವೆ, ಯಾಕೆ? ಎರಡು, ಮಳೆಗಾಲದಲ್ಲಿ ಜೂಮ್ ಲೆನ್ಸಿನ ಒಳಗಡೆ ಮಂಜು ಕಟ್ಟುತ್ತೆ, ಹೊರಗಿಂದ ಒರೆಸಿದರೆ ಹೋಗಲ್ಲ. ಮೂರು, ಎರಡೂ ದಿನಕ್ಕೆ ಒಂದೇ ಬ್ಯಾಗ್ ಸಾಕಾ?

ಮೂರನೇಕಣ್ಣು
ಪಟ್ಟೆ ವಿಷಯ ಸುಲಭ. ಅದು ಡಿಎಲ್‌ಪಿ ಪ್ರೊಜೆಕ್ಟರ್. ಒಳಗಡೆ ಬಣ್ಣದ ಚಕ್ರ ತಿರುಗ್ತಾ ಇರುತ್ತೆ. ಕೆಂಪು, ಹಸಿರು, ನೀಲಿ ಒಂದಾದ ಮೇಲೊಂದು ಪರದೆಗೆ ಬೀಳುತ್ತೆ, ಒಟ್ಟಿಗೆ ಅಲ್ಲ. ಕಣ್ಣಿಗೆ ಬೆರೆತು ಕಾಣುತ್ತೆ. ಶಟರ್ ವೇಗ 1/250ರಲ್ಲಿ (ಅಂದ್ರೆ ಸೆಕೆಂಡಿನ 250ರಲ್ಲೊಂದು ಭಾಗ ಮಾತ್ರ ಶಟರ್ ತೆರೆದು) ಕ್ಲಿಕ್ ಮಾಡಿದರೆ ಚಕ್ರದ ಒಂದು ತುಂಡು ಮಾತ್ರ ಸಿಕ್ಕಿ ಪಟ್ಟೆ ಆಗುತ್ತೆ. 1/60 ಇಡಿ, ಇಲ್ಲಾ 1/30. ಪ್ರೊಜೆಕ್ಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತೆ ಅಂದ್ರೆ 1/60ರಲ್ಲಿ ಒಂದು ಪೂರ್ತಿ ಚಿತ್ರ, ಮೂರೂ ಬಣ್ಣ ಸಮೇತ ಸಿಗುತ್ತೆ.

3ಎಲ್‌ಸಿಡಿ ಪ್ರೊಜೆಕ್ಟರ್ ಆಗಿದ್ರೆ ಚಕ್ರವೇ ಇರಲ್ಲ, ತೊಂದರೆಯೂ ಇಲ್ಲ. ಯಾವುದು ಅಂತ ತಿಳಿಯೋಕೆ ಒಂದು ಉಪಾಯ: ಪರದೆ ಮುಂದೆ ಕೈ ಬೆರಳು ಬಿಡಿಸಿ ಜೋರಾಗಿ ಬೀಸಿ. ಬೆರಳ ಅಂಚಲ್ಲಿ ಕಾಮನಬಿಲ್ಲು ಕಂಡರೆ ಡಿಎಲ್‌ಪಿ.

ಕಡಲಕರೆ
1/60 ಅಲ್ಲ ಮಾರಾಯ್ರೆ, 1/50. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಅಲ್ವಾ? ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಮಿನುಗ್ತದೆ. 1/60 ಇಟ್ಟರೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಗೆರೆ ಬರ್ತದೆ.

ಮೂರನೇಕಣ್ಣು
@ಕಡಲಕರೆ ಇಬ್ಬರದ್ದೂ ಸರಿ, ಹೊತ್ತು ಬೇರೆ. ಸಿನಿಮಾ ಓಡುವಾಗ ಭವನದ ಲೈಟು ಆರಿರುತ್ತೆ, ಇರೋದು ಪ್ರೊಜೆಕ್ಟರ್ ಬೆಳಕೊಂದೇ. ಆಗ 1/60. ಇಂಟರ್ವಲ್‌ನಲ್ಲಿ ಟ್ಯೂಬ್‌ಲೈಟ್ ಹಾಕ್ತಾರೆ, ಆಗ 1/50 ಅಥವಾ 1/100. ಎರಡೂ ಬೆಳಕು ಒಟ್ಟಿಗೆ ಇದ್ದರೆ ಟ್ರೈಪಾಡ್ ಮೇಲಿಟ್ಟು 1/10. ಅದರಲ್ಲಿ 100ರ ಲೆಕ್ಕಕ್ಕೆ ಹತ್ತು ಸುತ್ತು, 60ರ ಲೆಕ್ಕಕ್ಕೆ ಆರು ಸುತ್ತು ಪೂರ್ತಿ ಬೀಳುತ್ತೆ, ಎರಡರದ್ದೂ ಗೆರೆ ಇರಲ್ಲ. ಜನ ಸ್ವಲ್ಪ ಅಲುಗಾಡಿರ್ತಾರೆ, ಅದು ಚೆಂದವೇ.

ಸೈಲೆಂಟ್ ಶಟರ್ ಬಳಸುವವರಿಗೆ ಇದು ಇನ್ನೂ ಮುಖ್ಯ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನ ಸಾಲು ಸಾಲಾಗಿ ಓದುತ್ತೆ, ಮಿನುಗಿಗೆ ಗೆರೆ ಬೀಳೋದು ಅದರಲ್ಲೇ ಜಾಸ್ತಿ. ಹಾಗಂತ ಮೆಕ್ಯಾನಿಕಲ್ ಶಟರ್ ಹಾಕಿ ಕರುಣಾರಸದ ದೃಶ್ಯದಲ್ಲಿ ಟಕ್ ಟಕ್ ಅಂದರೆ ಹಿಂದಿನ ಸಾಲಿನ ಅಜ್ಜ ಬೈತಾರೆ.

ರೀಲುಸುರುಳಿ
ಇದೆಲ್ಲ ಡಿಜಿಟಲ್ ಮಾತಾಯ್ತು. ಚಲನಚಿತ್ರೋತ್ಸವದಲ್ಲೋ ಫಿಲ್ಮ್ ಸೊಸೈಟಿಯಲ್ಲೋ ಅಪರೂಪಕ್ಕೆ ನಿಜವಾದ ಫಿಲ್ಮ್ ಪ್ರಿಂಟ್ ಹಾಕಿದರೆ ಲೆಕ್ಕ ಬೇರೆ. ಸೆಕೆಂಡಿಗೆ 24 ಚೌಕಟ್ಟು. ಪ್ರೊಜೆಕ್ಟರಿನ ಎರಡು ರೆಕ್ಕೆಯ ಶಟರ್ ಪ್ರತಿ ಚೌಕಟ್ಟನ್ನೂ ಎರಡು ಸಲ ತೋರಿಸುತ್ತೆ, ಅಂದರೆ 48 ಮಿನುಗು. 1/25 ಇಟ್ಟರೆ ಒಂದು ಚೌಕಟ್ಟು ಸುಮಾರಾಗಿ ಪೂರ್ತಿ ಸಿಗುತ್ತೆ. 1/250 ಇಟ್ಟರೆ ಎಷ್ಟೋ ಸಲ ಪರದೆ ಕಪ್ಪಗೇ ಬರುತ್ತೆ, ಕ್ಯಾಮೆರಾ ಕೆಟ್ಟಿತು ಅಂತ ಗಾಬರಿ ಬೀಳಬೇಡಿ.

ಇನ್ನೊಂದು ಗುಟ್ಟು. 35 ಎಂಎಂ ಪ್ರಿಂಟಲ್ಲಿ 1000 ಅಡಿಯ ರೀಲು 11 ನಿಮಿಷ ಓಡುತ್ತೆ, 2000 ಅಡಿಯದ್ದು 22 ನಿಮಿಷ. ಎರಡು ಯಂತ್ರ ಇಟ್ಟು ಓಡಿಸುವಲ್ಲಿ ರೀಲು ಮುಗಿಯುವ ಮುಂಚೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಗುತ್ತೆ. ಸುಮಾರು ಎಂಟು ಸೆಕೆಂಡು ಬಾಕಿ ಇದ್ದಾಗ ಮೊದಲನೇದು, ಒಂದು ಸೆಕೆಂಡು ಇದ್ದಾಗ ಎರಡನೇದು. ಪ್ರೊಜೆಕ್ಟರ್ ಓಡಿಸೋರ ಫೋಟೋ ಬೇಕಾದವರಿಗೆ ಆ ಮೊದಲ ಚುಕ್ಕಿಯೇ ಗಂಟೆ. ಆ ಎಂಟು ಸೆಕೆಂಡಲ್ಲಿ ಅವರ ಕೈ ಎರಡೂ ಯಂತ್ರದ ಮೇಲಿರುತ್ತೆ, ಕಣ್ಣು ಕಿಂಡಿಯಲ್ಲಿರುತ್ತೆ.

ಗಿರಣಿಚಾಳ
ಚುಕ್ಕಿ ನೋಡಿ ಚಿಳ್ಳೆ ಹೊಡೆಯೋದು ಅಷ್ಟ ಗೊತ್ತಿತ್ತು ನಮಗ 😄

ಮುಖದ ಫೋಟೋ ಬಗ್ಗೆ ಹೇಳ್ತೇನ್ರಿ. ಪರದೆಗೂ ಮುಖಕ್ಕೂ ಬೆಳಕಿನ ಅಂತರ ನಾಕು ಸ್ಟಾಪ್ ಮ್ಯಾಲೇ ಇರ್ತದ (ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು). ಪರದೆಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800, ಎಫ್ 2.8, 1/60 ಸಾಕಾದ್ರ, ಅದೇ ಬೆಳಕಿನಾಗ ಮುಖಕ್ಕ ಐಎಸ್‌ಒ 6400, ಎಫ್ 1.8, 1/60 ಬೇಕು. ಎರಡನ್ನೂ ಒಂದ ಫೋಟೋದಾಗ ಹಿಡಿಯಾಕ ಹೋಗಬ್ಯಾಡ್ರಿ. ಪರದೆ ಪಕ್ಕದಾಗ, ಗ್ವಾಡಿಗೆ ಆತು, ನೆಲಕ್ಕ ಕುಂದರ್ರಿ. ಪರದೆ ನಿಮ್ಮ ಬೆನ್ನಿಗೆ ಬರಬೇಕು, ಜನ ಎದುರಿಗೆ. 35 ಎಂಎಂ ಲೆನ್ಸು ಇದಕ್ಕ ಹೇಳಿ ಮಾಡಿಸಿದ್ದು. ಜೂಮ್ ಎಫ್ 4 ಇದ್ರ ಬ್ಯಾಗಿನಾಗ ಇರ್ಲಿ.

ಮುಖ್ಯ ಮಾತು: ಹಗಲಿನ ದೃಶ್ಯಕ್ಕ ಕಾಯ್ರಿ. ಪರದೆ ಮ್ಯಾಲೆ ಬಿಸಿಲು, ಬಯಲು, ಬಿಳಿ ಅಂಗಿ ಬಂದಾಗ ಭವನ ಪೂರಾ ಬೆಳಗ್ತದ. ರಾತ್ರಿ ದೃಶ್ಯ ನಡೆದಾಗ ಸುಮ್ನ ಕುಂತು ಸಿನಿಮಾ ನೋಡ್ರಿ. ನಗುವ ಫೋಟೋ ಬೇಕಂದ್ರ ಜೋಕು ಮುಗಿಯೂ ಮೊದಲ ಬಟನ್ ಅರ್ಧ ಒತ್ತಿರಬೇಕು.

ಹೊರಡೂ ಮೊದಲ ಆರಿಸಬೇಕಾದ್ದು: ಫೋಕಸ್ ಅಸಿಸ್ಟ್ ದೀಪ (ಕೆಂಪು ಇಲ್ಲಾ ಕಿತ್ತಳಿ ಬಣ್ಣದ್ದು ಮುಂದ ಹೊತ್ತತದಲ್ಲ, ಅದು), ಬೀಪ್ ಸದ್ದು, ಫೋಟೋ ತೆಗೆದ ಮ್ಯಾಲೆ ತಾನ ತೋರಿಸೂ ರಿವ್ಯೂ. ಹಿಂದಿನ ಸ್ಕ್ರೀನ್ ಬೆಳಕು ಪೂರ್ತಿ ಕಡಿಮಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕಿ) ಆಟೋ ಬ್ಯಾಡ, 5000 ಕೆಲ್ವಿನ್ ಸುತ್ತ ಎಲ್ಲೆರ ನಿಲ್ಲಿಸಿ ರಾ ಫೈಲ್ (ಆಮ್ಯಾಲೆ ಬಣ್ಣ ತಿದ್ದಾಕ ಬರೂ ಮೂಲ ಫೈಲು) ತಗೀರಿ. ಪರದೆ ಬಣ್ಣ ಕ್ಷಣಕ್ಕೊಂದು ಆಗ್ತದ, ಆಟೋ ಅದರ ಬೆನ್ನ ಹತ್ತಿ ಓಡಿದ್ರ ಹತ್ತು ಫೋಟೋ ಹತ್ತು ಬಣ್ಣ.

ಬೆಳ್ಮುಗಿಲು
ಸಿನಿಮಾ ಓಡುವಾಗ ಕ್ಯಾಮೆರಾ ಎತ್ತೋದೇ ಅಪರಾಧ ಅಲ್ವಾ? 2023ರಲ್ಲಿ ಕಾಯ್ದೆ ತಿದ್ದುಪಡಿ ಆಯ್ತಲ್ಲ. ಮೂರು ತಿಂಗಳಿಂದ ಮೂರು ವರ್ಷ ಜೈಲು, ದಂಡ 3 ಲಕ್ಷದಿಂದ ಶುರು.

ರೀಲುಸುರುಳಿ
@ಬೆಳ್ಮುಗಿಲು ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆ. ಅದು ನಕಲು ಪ್ರತಿ ಮಾಡೋ ಉದ್ದೇಶದಿಂದ ರೆಕಾರ್ಡ್ ಮಾಡುವವರಿಗೆ. ದಂಡ ನಿರ್ಮಾಣ ವೆಚ್ಚದ ಶೇ. 5ರವರೆಗೂ ಹೋಗಬಹುದು. ಪ್ರೇಕ್ಷಕರ ಮುಖ ತೆಗೆಯೋದು ಅದಲ್ಲ. ಆದರೆ ಥಿಯೇಟರಿನೊಳಗೆ ನಿಂತು ಈ ವಾದ ಮಾಡೋಕೆ ಹೋಗಬೇಡಿ, ಅಲ್ಲಿ ಕ್ಯಾಮೆರಾ ಒಳಗೇ ಬಿಡಲ್ಲ. ಊರ ಭವನದಲ್ಲಿ ಸಂಘಟಕರಿಗೆ ಮೊದಲೇ ಹೇಳಿ, ಶುರುವಿಗೆ ಮುಂಚೆ ಮೈಕಲ್ಲಿ ಒಂದು ಮಾತು ಹೇಳಿಸಿ. ವಿಡಿಯೋ ಬೇಡವೇ ಬೇಡ. ಮಕ್ಕಳ ಫೋಟೋ ಆದ್ರೆ ಮನೆಯವರನ್ನ ಕೇಳಿ.

ಅಂದಹಾಗೆ ಸಾಗರದ ಕಡೆ ಅಂದ್ರಿ. ಹೆಗ್ಗೋಡು ಪಕ್ಕದಲ್ಲೇ. ಅಲ್ಲಿನ ನಾಟಕ ಸಂಸ್ಥೆ ನೀನಾಸಂನ ಚಿತ್ರಸಮಾಜ (ಫಿಲ್ಮ್ ಸೊಸೈಟಿ) ಶುರುವಾಗಿದ್ದು 1973ರಲ್ಲಿ. ಹಳ್ಳಿಯವರು ಕೂತು ಹೊರದೇಶದ ಸಿನಿಮಾ ನೋಡಿ ಚರ್ಚೆ ಮಾಡಿದ ಊರು ಅದು. ಅಲ್ಲಿನ ಪ್ರೇಕ್ಷಕರಿಗೆ ಸಿನಿಮಾ ಅಂದ್ರೆ ಏನು ಅಂತ ಗೊತ್ತು, ನಿಮ್ಮ ಶಟರ್ ಸದ್ದನ್ನ ಸಹಿಸಲ್ಲ.

ಸುಮ್ನೆಓದುವೆ
ಫೋನಲ್ಲಿ ತೆಗೆಯೋರಿಗೂ ಒಂದು ಮಾತು ಹೇಳಿ ಅಣ್ಣಂದಿರಾ. ನೈಟ್ ಮೋಡ್ ಹಾಕಿದರೆ ಮುಖ ಎಲ್ಲ ಮೇಣದ ಗೊಂಬೆ ಆಗುತ್ತೆ.

ಮೂರನೇಕಣ್ಣು
@ಸುಮ್ನೆಓದುವೆ ನೈಟ್ ಮೋಡ್ ಹಲವು ಫೋಟೋ ತೆಗೆದು ಒಂದರ ಮೇಲೊಂದು ಹೊಂದಿಸುತ್ತೆ. ಪರದೆ ಬೆಳಕು ಬದಲಾಗ್ತಾ ಇದ್ದರೆ ಆ ಹೊಂದಾಣಿಕೆ ಕೆಡುತ್ತೆ. ಪ್ರೊ ಮೋಡಿಗೆ ಹೋಗಿ 1/60, ಐಎಸ್‌ಒ 1600 ಹಾಕಿ, ಮುಖ್ಯ ಕ್ಯಾಮೆರಾದಲ್ಲೇ ತೆಗೀರಿ. 2ಎಕ್ಸ್, 3ಎಕ್ಸ್ ಬೇಡ, ಆ ಲೆನ್ಸುಗಳಿಗೆ ಬೆಳಕು ಸಾಲಲ್ಲ.

ಲೆನ್ಸುಬಿಚ್ಚುವವ
ಎರಡನೇ ಪ್ರಶ್ನೆಗೆ ಯಾರೂ ಬರಲಿಲ್ಲ. ಅದೇ ದುಬಾರಿ ಪ್ರಶ್ನೆ.

ಮಳೆಗಾಲದಲ್ಲಿ ರಿಪೇರಿಗೆ ಬರುವ ಲೆನ್ಸುಗಳಲ್ಲಿ ಮಳೆಗೆ ನೆನೆದು ಕೆಟ್ಟವು ಕಡಿಮೆ. ಬೆವರಿ ಕೆಟ್ಟವೇ ಜಾಸ್ತಿ. ತಣ್ಣಗಿನ ಗಾಜಿಗೆ ಬೆಚ್ಚಗಿನ ಹಸಿ ಗಾಳಿ ತಾಗಿದರೆ ನೀರು ಕಟ್ಟುತ್ತೆ, ಅಷ್ಟೇ. ಲೆಕ್ಕ ನೋಡಿ. ನಿಮ್ಮ ಸಮುದಾಯ ಭವನದಲ್ಲಿ ನೂರೈವತ್ತು ಜನ, ಒದ್ದೆ ಬಟ್ಟೆ, ಒದ್ದೆ ಕೊಡೆ, ಮುಚ್ಚಿದ ಕಿಟಕಿ. 28 ಡಿಗ್ರಿ, ತೇವಾಂಶ ಶೇ. 85 ಅಂದ್ಕೊಳ್ಳಿ. ಆ ಗಾಳಿ ಸುಮಾರು 25 ಡಿಗ್ರಿಗೆ ಇಳಿದರೆ ನೀರಾಗುತ್ತೆ. ಹೊರಗೆ ಮಳೆಯಲ್ಲಿ 21 ಡಿಗ್ರಿ, ನಿಮ್ಮ ಲೆನ್ಸೂ 21. ಒಳಗೆ ಕಾಲಿಟ್ಟ ತಕ್ಷಣ ಗಾಜು ಬೆಳ್ಳಗೆ. ಎಸಿ ಕಾರಿಂದ ಇಳಿದರೂ ಇದೇ ಕಥೆ.

ಏನ್ ಮಾಡೋದು: ಕ್ಯಾಮೆರಾ ಬ್ಯಾಗನ್ನ ಕಾರಿನ ಡಿಕ್ಕಿಯಲ್ಲಿಡಿ, ಎಸಿ ಗಾಳಿ ಬೀಸೋ ಕಡೆ ಬೇಡ. ತಲುಪೋಕೆ ಅರ್ಧ ಗಂಟೆ ಮುಂಚೆ ಎಸಿ ಆರಿಸಿ. ಭವನಕ್ಕೆ ಹೋಗುವಾಗ ಬಾಡಿ, ಲೆನ್ಸು ಬೇರೆ ಬೇರೆ ಜಿಪ್ ಕವರಿನಲ್ಲಿ ಗಾಳಿ ಹಿಂಡಿ ಮುಚ್ಚಿ ಒಯ್ಯಿರಿ, ಒಳಗೆ ಹೋದಮೇಲೆ 20-30 ನಿಮಿಷ ಹಾಗೇ ಬಿಡಿ. ನೀರು ಕವರಿನ ಹೊರಮೈಗೆ ಕಟ್ಟುತ್ತೆ, ಒಳಗಿನ ಗಾಜಿಗಲ್ಲ. ಸಿನಿಮಾ ಎಂಟಕ್ಕೆ ಶುರು ಅಂದರೆ ಏಳೂವರೆಗೆ ಒಳಗಿರಿ.

ಒಳಗೆ ಮಂಜು ಯಾಕೆ ಅಂದ್ರೆ: 24-105 ಅಂಥ ಜೂಮ್ ತಿರುಗಿಸಿದಾಗ ಕೊಳವೆ ಉದ್ದ ಆಗುತ್ತೆ, ಆಗ ಹೊರಗಿನ ಗಾಳಿ ಎಳ್ಕೊಳ್ಳುತ್ತೆ. ತಿದಿ ಇದ್ದ ಹಾಗೆ. ಮಳೆಯಲ್ಲಿ ಹತ್ತು ಸಲ ಜೂಮ್ ಮಾಡಿದರೆ ಹತ್ತು ಸಲ ಹಸಿ ಗಾಳಿ ಒಳಗೆ. 'ವೆದರ್ ಸೀಲ್' ಅಂತ ಬರೆದಿದ್ದರೂ ನೀರ ಹನಿ ತಡೀತದೆ, ಗಾಳಿ ತಡೆಯಲ್ಲ. ಮೌಂಟಿನ (ಲೆನ್ಸು ಬಾಡಿಗೆ ಕೂರೋ ಜಾಗ) ಸುತ್ತ ರಬ್ಬರ್ ಉಂಗುರ ಇದೆಯಾ ನೋಡಿ, ಇಲ್ಲದಿದ್ರೆ ಸೀಲ್ ಮಾತೇ ಇಲ್ಲ. ಕ್ಯಾನನ್‌ನ 17-40 ಎಲ್ ಅಂಥ ಕೆಲವು ಲೆನ್ಸುಗಳಿಗೆ ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿ ಆಗೋದು.

ತೋಟದಮೂಲೆ
ಈಗಾಗಲೇ ಒಳಗೆ ಕಟ್ಟಿದ್ದರೆ? ಅಕ್ಕಿ ಡಬ್ಬಿಯಲ್ಲಿ ಹಾಕಿಡಿ ಅಂತ ಎಲ್ಲರೂ ಹೇಳ್ತಾರೆ.

ಲೆನ್ಸುಬಿಚ್ಚುವವ
ಅಕ್ಕಿ ಅನ್ನಕ್ಕೆ. ಲೆನ್ಸಿಗೆ ಅದು ಕೊಡೋದು ಹಿಟ್ಟಿನ ಧೂಳು ಮಾತ್ರ.

ಬ್ಯಾಟರಿ ತೆಗೀರಿ. ಲೆನ್ಸಿನ ಹಿಂದಿನ ಮುಚ್ಚಳ ತೆಗೆದು, ಜೂಮ್ ಪೂರ್ತಿ ಉದ್ದ ಮಾಡಿ, ಗಾಳಿಯಾಡದ 15-20 ಲೀಟರ್ ಡಬ್ಬಿಯಲ್ಲಿ 250 ಗ್ರಾಂ ಸಿಲಿಕಾ ಜೆಲ್ (ತೇವ ಹೀರೋ ಹರಳು) ಜೊತೆ 24ರಿಂದ 48 ಗಂಟೆ ಬಿಡಿ. ಹೇರ್ ಡ್ರೈಯರ್ ಹಿಡೀಬೇಡಿ. ಒಳಗಿನ ಗ್ರೀಸ್ ಕರಗಿ ಅಪರ್ಚರ್ (ಬೆಳಕು ಬಿಡೋ ಕಿಂಡಿ) ಎಲೆಗಳ ಮೇಲೆ ಹರಿಯುತ್ತೆ, ಆಮೇಲೆ ಅವು ಅಂಟ್ಕೊಳ್ಳುತ್ತೆ. ಒಣಗಿದ ಮೇಲೆ ಮೊಬೈಲ್ ಟಾರ್ಚನ್ನ ಹಿಂದಿನಿಂದ ಹಿಡಿದು ಮುಂದಿಂದ ನೋಡಿ. ಜೇಡರ ಬಲೆ ಥರ ಎಳೆ ಕಂಡರೆ ಅದು ಮಂಜಲ್ಲ, ಬೂಷ್ಟು. ತಡ ಮಾಡಿದರೆ ಗಾಜಿನ ಲೇಪನವನ್ನೇ ತಿಂದುಹಾಕುತ್ತೆ, ಆಮೇಲೆ ಒರೆಸಿದರೂ ಗುರುತು ಉಳಿಯುತ್ತೆ.

ಡಬ್ಬಿ ಬಗ್ಗೆ ಎಲ್ಲರೂ ಮಾಡೋ ತಪ್ಪು ಒಂದಿದೆ. 20 ಲೀಟರ್ ಡಬ್ಬಿಯ ಹಸಿ ಗಾಳಿಯಲ್ಲಿರೋ ನೀರು ಹೆಚ್ಚೆಂದರೆ ಅರ್ಧ ಗ್ರಾಂ. ಜೆಲ್‌ಗೆ ಅದು ಲೆಕ್ಕವೇ ಅಲ್ಲ. ಆದರೆ ನೆನೆದ ಕ್ಯಾಮೆರಾ ಪಟ್ಟಿ, ಒದ್ದೆ ಲೆನ್ಸ್ ಬಟ್ಟೆ, ಚರ್ಮದ ಚೀಲ ಡಬ್ಬಿಯೊಳಗೇ ಹಾಕಿದ್ರೆ ಅದರಲ್ಲೇ ಹತ್ತಾರು ಗ್ರಾಂ ನೀರಿರುತ್ತೆ, ಜೆಲ್ ಒಂದೇ ರಾತ್ರಿಗೆ ಮುಗೀತು. ಪಟ್ಟಿ ಬಿಚ್ಚಿ ಹೊರಗೆ ನೇತುಹಾಕಿ.

ಅಡ್ಕಮನೆ
ಜೆಲ್ ಬಣ್ಣ ನೋಡ್ತಾ ಇರಿ. ನೀಲಿದು ಗುಲಾಬಿ ಆದ್ರೆ, ಕಿತ್ತಳೆದು ಹಸಿರಾದ್ರೆ ಒಣಗಿಸಬೇಕು. ಓವನ್ನಲ್ಲಿ 120 ಡಿಗ್ರಿ, ಎರಡು-ಮೂರು ಗಂಟೆ. ಓವನ್ ಇಲ್ಲ ಅಂದ್ರೆ ಹಳೇ ಬಾಣಲೆ ಮೇಲೆ ಸಣ್ಣ ಉರಿ, ಕೈಯಾಡಿಸ್ತಾ. ಆದ್ರೆ ದೋಸೆ ಕಾವಲಿ ಮೇಲೆ ಮಾತ್ರ ಬೇಡ ದಯವಿಟ್ಟು! ನೀಲಿ ಜೆಲ್ಲಿನ ಬಣ್ಣ ಕೋಬಾಲ್ಟಿನದು, ವಿಷ. ಅದಕ್ಕೆ ಬೇರೆ ಪಾತ್ರೆ, ಅಡುಗೆಮನೆಗೆ ವಾಪಸ್ ಬರಬಾರದು.

ಕಡಲಕರೆ
ಮಳೆಗೆ ಕ್ಯಾಮೆರಾ ರೈನ್‌ಕೋಟ್ ಅಂತ ಸಾವಿರಾರು ರೂಪಾಯಿ ಹಾಕ್ಬೇಡಿ. ದಪ್ಪ ಪ್ಲಾಸ್ಟಿಕ್ ಕವರ್ ಒಂದು, ತಳದಲ್ಲಿ ಲೆನ್ಸ್ ಹುಡ್‌ಗಿಂತ ಸ್ವಲ್ಪ ಚಿಕ್ಕ ತೂತು, ಹುಡ್ ಮೇಲೆ ರಬ್ಬರ್ ಬ್ಯಾಂಡ್ ಎರಡು. ಒಂದೇ ಹಾಕಿದ್ರೆ ಜಾರ್ತದೆ. ವ್ಯೂಫೈಂಡರ್ ಕಡೆ ಬಾಯಿ ತೆರೆದೇ ಇರ್ಲಿ, ಪೂರ್ತಿ ಕಟ್ಟಿದ್ರೆ ಒಳಗೆ ಬೆವರ್ತದೆ. ಹುಡ್ ಇಲ್ಲದೆ ಮಳೆಗೆ ಇಳೀಲೇಬೇಡಿ. ಮುಂದಿನ ಗಾಜಿಗೆ ಹನಿ ಬಿದ್ರೆ ಒರೆಸ್ಲಿಕ್ಕೆ ಹೋಗ್ಬೇಡಿ, ಮೊದಲು ಬ್ಲೋವರ್‌ನಲ್ಲಿ ಊದಿ ಹಾರಿಸಿ, ಉಳಿದದ್ದನ್ನು ಬಟ್ಟೆಯಲ್ಲಿ ಒತ್ತಿ ತೆಗೀರಿ. ಬ್ಯಾಗಲ್ಲಿ ಹಳೇ ಹತ್ತಿ ಬೈರಾಸು (ಟವೆಲ್) ಎರಡು ಇರ್ಲಿ, ಒಂದು ಕ್ಯಾಮೆರಾ ಹೊರಮೈಗೆ, ಒಂದು ಕೈಗೆ. ಲೆನ್ಸ್ ಬಟ್ಟೆ ಬೇರೆ.

ಕೊಡೆ ಕಪ್ಪು ಇಲ್ಲಾ ಬೂದು ಬಣ್ಣದ್ದೇ ತಗೊಳ್ಳಿ. ಕೆಂಪು ಕೊಡೆ ಅಡಿಯಲ್ಲಿ ಕಪ್ಪೆ ಫೋಟೋ ತೆಗೆದ್ರೆ ಕಪ್ಪೆಗೆ ಜ್ವರ ಬಂದ ಹಾಗೆ ಕಾಣ್ತದೆ.

ಅಡ್ಕಮನೆ
ಕೊಡೆಗಿಂತ ಕಂಬಳಿ ಕೊಪ್ಪೆ (ತಲೆಯಿಂದ ಬೆನ್ನಿಗೆ ಇಳಿಬಿಡೋ ಹೊದಿಕೆ) ಮೇಲು. ಎರಡೂ ಕೈ ಖಾಲಿ ಇರುತ್ತೆ, ಬಗ್ಗಿ ಕೂತು ಮ್ಯಾಕ್ರೋ ತೆಗೆದ್ರೂ ಬೆನ್ನು ನೆನೆಯಲ್ಲ. ಕ್ಯಾಮೆರಾನೂ ಅದರೊಳಗೇ. ಪ್ಲಾಸ್ಟಿಕ್ ಕೊಪ್ಪೆ ಸಪಸಪ ಸದ್ದು ಮಾಡುತ್ತೆ, ಹಕ್ಕಿ ಇದ್ದಲ್ಲಿ ಆಗಲ್ಲ.

ಆದ್ರೆ ಒಂದು ಗಂಭೀರ ಮಾತು @ತೋಟದಮೂಲೆ. 'ಪರಿಚಯದವರ ಸೊಪ್ಪಿನ ಬೆಟ್ಟ' ಅಂದಿರಿ. ಸೊಪ್ಪಿನ ಬೆಟ್ಟ ಅವರ ಸ್ವಂತ ಜಾಗ ಅಲ್ಲ. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರೋಕೆ ಬಿಟ್ಟಿರೋ ಸವಲತ್ತು ಅಷ್ಟೇ. ಅಲ್ಲಿ ಟೆಂಟ್ ಹಾಕಿ ಬೆಂಕಿ ಹಾಕಿದ್ರೆ ಅರಣ್ಯ ಇಲಾಖೆಯವರು ಕೇಳೋದು ನಿಮ್ಮನ್ನಲ್ಲ, ತೋಟದವರನ್ನ. ಪಟ್ಟಾ ಜಾಗದಲ್ಲೇ ಹಾಕಿ: ಅಡಿಕೆ ಒಣಗಿಸೋ ಅಂಗಳದ ಪಕ್ಕ, ಕೊಟ್ಟಿಗೆ ಮಾಡಿನ ಹತ್ತಿರ.

ಬೆಳ್ಮುಗಿಲು
ಕುದುರೆಮುಖ ಕಡೆ ಹೋಗೋ ಯೋಚನೆ ಇರೋರಿಗೂ ಇದೇ. ರಾಷ್ಟ್ರೀಯ ಉದ್ಯಾನದೊಳಗೆ ಟೆಂಟ್ ಹಾಕೋಕೆ ಬಿಡಲ್ಲ, ಚಾರಣಕ್ಕೂ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಮುಂಗಡ ಬುಕಿಂಗ್ ಬೇಕು. ಡ್ರೋನ್ ಮಾತಂತೂ ಎತ್ತಲೇಬೇಡಿ.

ಗಿರಣಿಚಾಳ
ಅಂಗಳದಾಗ ಟೆಂಟ್ ಹಾಕೂದಾದ್ರ ಮನಿಯೊಳಗ ಮಲಗಬಾರದೇನ್ರಿ? ಬಿಸಿ ಬಿಸಿ ಕಷಾಯನೂ ಸಿಗ್ತದ 😄

ಗುಡ್ಡದಾರಿ
ನಕ್ಕಿದ್ದು ಸಾಕು, ಟೆಂಟಿನ ವಿಷಯಕ್ಕೆ ಬರ್ತೀನಿ.

ಮೊದಲು ತಾಡಪಾಲು ಕಟ್ಟಿ, ಆಮೇಲೆ ಅದರಡಿ ಟೆಂಟ್. ಉಲ್ಟಾ ಮಾಡಿದರೆ ಟೆಂಟ್ ನಿಲ್ಲಿಸೋದರೊಳಗೆ ಒಳಗೆಲ್ಲ ಕೆರೆ. ಇಬ್ಬರ ಟೆಂಟಿಗೆ 12x15 ಅಡಿ ತಾಡಪಾಲು ಬೇಕು, ಚಿಕ್ಕದರಲ್ಲಿ ಇರಚಲು ತಡೆಯಲ್ಲ. ಒಂದು ಕಡೆ ತಗ್ಗಿಸಿ ಕಟ್ಟಿ. ನಡುವೆ ನೀರು ನಿಲ್ಲೋ ಹೊಟ್ಟೆ ಬಂದರೆ ರಾತ್ರಿ ಎರಡು ಗಂಟೆಗೆ ಅದು ಹರಿದು ಮೇಲೆ ಬೀಳುತ್ತೆ.

ಹಗ್ಗ ನೈಲಾನ್ ಬೇಡ, ಪಾಲಿಯೆಸ್ಟರ್ ತಗೊಳ್ಳಿ. ನೈಲಾನ್ ನೆನೆದರೆ ಎಳೆದು ಸಡಿಲ ಆಗುತ್ತೆ. ಇರೋದು ನೈಲಾನೇ ಆದ್ರೆ ಮಳೆ ಶುರುವಾಗಿ ಅರ್ಧ ಗಂಟೆಗೆ ಒಂದು ಸಲ ಬಿಗಿ ಮಾಡಬೇಕು. ಮರದಿಂದ ಹಗ್ಗದ ಗುಂಟ ನೀರು ಇಳಿದು ತಾಡಪಾಲಿನ ಅಡಿಗೆ ಬರುತ್ತೆ. ಅದಕ್ಕೆ ತಾಡಪಾಲಿನಿಂದ ಒಂದು ಗೇಣು ದೂರದಲ್ಲಿ ಹಗ್ಗಕ್ಕೆ ಬಟ್ಟೆ ಚೂರೊಂದು ಕಟ್ಟಿ ಇಳಿಬಿಡಿ. ನೀರು ಅಲ್ಲೇ ತೊಟ್ಟಿಕ್ಕುತ್ತೆ. ಹತ್ತು ಪೈಸೆ ಖರ್ಚಿಲ್ಲದ ಕೆಲಸ, ನೂರಕ್ಕೆ ತೊಂಬತ್ತು ಜನ ಮಾಡಲ್ಲ.

ಗೂಟ: ಟೆಂಟ್ ಜೊತೆ ಬರೋ ಏಳಿಂಚಿನ ಅಲ್ಯೂಮಿನಿಯಂ ಕಡ್ಡಿ ನೆನೆದ ಮಣ್ಣಲ್ಲಿ ಬೆಣ್ಣೆಗೆ ಚಾಕು ಹಾಕಿದ ಹಾಗೆ. ಕೈಲೇ ಕಿತ್ತು ಬರುತ್ತೆ. ಒಂದಡಿ ಉದ್ದದ್ದು ಬೇಕು, ಇಲ್ಲಾ ಹಗ್ಗವನ್ನ ಒಂದು ಕೋಲಿಗೆ ಕಟ್ಟಿ ಕೋಲಿನ ಮೇಲೆ ದಪ್ಪ ಕಲ್ಲು ಹೇರಿ.

ನೆಲಕ್ಕೆ ಹಾಸೋ ಪ್ಲಾಸ್ಟಿಕ್ ಟೆಂಟಿನ ತಳಕ್ಕಿಂತ ಎಲ್ಲ ಕಡೆ ನಾಲ್ಕು ಬೆರಳು ಚಿಕ್ಕದಿರಬೇಕು. ಹೊರಗೆ ಚಾಚಿದರೆ ಮೇಲಿಂದ ಬಿದ್ದ ನೀರನ್ನ ಹಿಡಿದು ನಿಮ್ಮ ಬೆನ್ನ ಕೆಳಗೇ ತರುತ್ತೆ.

ಜಾಗ: ಹಳ್ಳದ ದಂಡೆ ಬೇಡ. ಮಳೆ ಮೇಲೆಲ್ಲೋ ಗುಡ್ಡದಲ್ಲಿ ಸುರಿದರೂ ಹಳ್ಳ ಇಲ್ಲಿ ಏರುತ್ತೆ. ಒಣಗಿದ ಕೊಂಬೆ ಇರೋ ಮರದಡಿ ಬೇಡ. ಗಾಳಿ ಹೊತ್ತಲ್ಲಿ ಅಡಿಕೆ ಮರದಡಿಯೂ ಬೇಡ, ಸೋಗೆ ಬಿದ್ದರೆ ಟೆಂಟ್ ಹರಿದೇ ಹೋಗುತ್ತೆ.

ಲೆನ್ಸುಬಿಚ್ಚುವವ
@ಗುಡ್ಡದಾರಿ ಒಂದು ಸೇರಿಸ್ತೀನಿ. ಟೆಂಟಿನ ಕಿಂಡಿ ಎರಡೂ ಕಡೆ ತೆರೆದಿರಲಿ. ಇಬ್ಬರು ಮಲಗಿದರೆ ಉಸಿರು, ಬೆವರು ಸೇರಿ ರಾತ್ರಿಗೆ ಅರ್ಧ ಲೀಟರ್‌ಗೂ ಮಿಕ್ಕಿ ನೀರು ಆಗುತ್ತೆ. ಬೆಳಿಗ್ಗೆ 'ಟೆಂಟ್ ಸೋರಿತು' ಅಂತಾರಲ್ಲ, ಎಷ್ಟೋ ಸಲ ಸೋರಿರಲ್ಲ, ಅದು ಅವರದ್ದೇ ಉಸಿರು. ಕ್ಯಾಮೆರಾವನ್ನ ಟೆಂಟಲ್ಲಿ ಬಿಚ್ಚಿಡಬೇಡಿ. ರೋಲ್ ಮಾಡಿ ಮುಚ್ಚೋ ಡ್ರೈ ಬ್ಯಾಗಲ್ಲಿ 100 ಗ್ರಾಂ ಜೆಲ್ ಜೊತೆ ಹಾಕಿ, ಮೂರು ಸುತ್ತು ಮಡಚಿ. ನೆನೆದ ಕ್ಯಾಮೆರಾ ಆದ್ರೆ ಮೊದಲು ಒರೆಸಿ. ಒದ್ದೆದನ್ನ ಹಾಗೇ ಡ್ರೈ ಬ್ಯಾಗಿಗೆ ಹಾಕೋದು ಇಡ್ಲಿ ಬೇಯಿಸಿದ ಹಾಗೆ. ಚಾರ್ಜಿಂಗ್ ಕಿಂಡಿ ತೇವ ಇದ್ದರೆ ಪವರ್ ಬ್ಯಾಂಕ್ ಚುಚ್ಚಬೇಡಿ, ಪಿನ್ನು ಸುಟ್ಟು ಹಸಿರಾಗುತ್ತೆ. ಬ್ಯಾಟರಿ ಹೊರಗೆ ತೆಗೆದು ಚಾರ್ಜರಲ್ಲಿ ಹಾಕಿ.

ಸುಮ್ನೆಓದುವೆ
ಇಂಬಳ (ಜಿಗಣೆ)???

ಅಡ್ಕಮನೆ
ಬಂದೇ ಬರುತ್ತೆ ತಂಗಿ/ತಮ್ಮ. ಗಂಬೂಟ್ ಹಾಕಿ, ಅದರ ಬಾಯಿಗೆ ಹೊಗೆಸೊಪ್ಪು ನೆನೆಸಿದ ತೆಂಗಿನೆಣ್ಣೆ ಸವರಿ. ಊರಲ್ಲಿ ಉಪ್ಪು-ಸುಣ್ಣದ ಪೊಟ್ಟಣ ಕೋಲಿನ ತುದಿಗೆ ಕಟ್ಕೊಂಡು ಹೋಗ್ತಾರೆ, ಹತ್ತಿದ ತಕ್ಷಣ ಮುಟ್ಟಿಸೋದು.

ಗುಡ್ಡದಾರಿ
@ಅಡ್ಕಮನೆ ಬೂಟಿನ ಮೇಲೆ ಹತ್ತುವಾಗ ಉಪ್ಪು ಸರಿ. ಚರ್ಮ ಕಚ್ಚಿದ ಮೇಲೆ ಉಪ್ಪು ಬೇಡ, ಅದು ಹೊಟ್ಟೇಲಿದ್ದದ್ದನ್ನ ಗಾಯಕ್ಕೇ ಕಕ್ಕುತ್ತೆ. ಸಪೂರ ತುದಿ ಯಾವ ಕಡೆ ಇದೆ ನೋಡಿ, ಅದೇ ಬಾಯಿ. ಅದರ ಪಕ್ಕ ಉಗುರು ಆನಿಸಿ ಸರಿಸಿದರೆ ಬಿಡುತ್ತೆ. ರಕ್ತ ಸ್ವಲ್ಪ ಹೊತ್ತು ಹರೀತಾನೇ ಇರುತ್ತೆ, ಹೆಪ್ಪುಗಟ್ಟದ ಹಾಗೆ ಮದ್ದು ಬಿಟ್ಟಿರುತ್ತೆ ಅದು. ಹೆದರಬೇಡಿ, ತೊಳೆದು ಒತ್ತಿ ಕಟ್ಟಿ.

ಕ್ಯಾಮೆರಾದವರಿಗೆ ಬೇರೆ ಎಚ್ಚರಿಕೆ: ಸೊಳ್ಳೆಗೆ ಹಚ್ಚೋ ಕ್ರೀಮಲ್ಲಿ 'ಡೀಟ್' ಇದ್ದರೆ ಆ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡಿ. ಅದು ಪ್ಲಾಸ್ಟಿಕ್ಕನ್ನ ಕರಗಿಸುತ್ತೆ. ಹಿಡಿಕೆಯ ರಬ್ಬರು ಅಂಟಂಟಾಗೋದು, ಸ್ಕ್ರೀನ್ ಮಸುಕಾಗೋದು ಎಷ್ಟೋ ಸಲ ಇದರಿಂದಲೇ. ಅಂಗೈ ಬಿಟ್ಟು ಮುಂಗೈ ಹಿಂಬದಿಯಿಂದ ಹಚ್ಕೊಳ್ಳಿ.

ಮೂರನೇಕಣ್ಣು
ಭಾನುವಾರದ ಸೆಟ್ಟಿಂಗುಗಳು, ಚುಟುಕಾಗಿ. ಮಳೆ ಗೆರೆ ಗೆರೆಯಾಗಿ ಕಾಣಬೇಕಾ, 1/30-1/60. ಹನಿ ನಿಲ್ಲಬೇಕಾ, 1/500ಕ್ಕಿಂತ ಮೇಲೆ. ಎರಡಕ್ಕೂ ಹಿಂದೆ ಕಪ್ಪು ಬೇಕು: ಕೊಟ್ಟಿಗೆ ಬಾಗಿಲು, ದಟ್ಟ ಮರ. ಬಿಳಿ ಆಕಾಶದ ಎದುರು ಮಳೆ ಕಾಣಲ್ಲ. ಮಂಜು ತುಂಬಿದ ದೃಶ್ಯಕ್ಕೆ ಎಕ್ಸ್‌ಪೋಶರ್ +0.7ರಿಂದ +1 ಏರಿಸಿ, ಇಲ್ಲದಿದ್ರೆ ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನ ಬೂದು ಬಣ್ಣ ಮಾಡುತ್ತೆ. ಒದ್ದೆ ಎಲೆ ಮೇಲಿನ ಬಿಳಿ ಹೊಳಪು ತೆಗೆಯೋಕೆ ಪೋಲರೈಸರ್ ಫಿಲ್ಟರ್ ಹಾಕಿ. ಒಂದೂವರೆ, ಎರಡು ಸ್ಟಾಪ್ ಬೆಳಕು ತಿನ್ನುತ್ತೆ, ಆದರೆ ಹಸಿರು ಹಸಿರಾಗೇ ಬರುತ್ತೆ.

ಹೊಳೆಯೋ ಅಣಬೆ ಪುಣ್ಯಕ್ಕೆ ಸಿಕ್ಕಿದರೆ: ಕೊಳೆತ ಮರದ ತುಂಡು, ಚಂದ್ರ ಇರಬಾರದು, ಟಾರ್ಚ್ ಆರಿಸಿ ಹತ್ತು ನಿಮಿಷ ಕಣ್ಣು ಪಳಗಲಿ. ಕಣ್ಣಿಗೆ ಮಾಸಲು ಬಿಳಿ ಕಂಡರೂ ಕ್ಯಾಮೆರಾಗೆ ಹಸಿರೇ. ಟಾರ್ಚ್ ಹಾಕಿ ಫೋಕಸ್ ಮಾಡಿ, ಮ್ಯಾನುಯಲ್‌ಗೆ ತಿರುಗಿಸಿ, ಟಾರ್ಚ್ ಆರಿಸಿ, ಐಎಸ್‌ಒ 3200, ಎಫ್ 2.8, ಒಂದು ನಿಮಿಷದಿಂದ ಶುರು. ಸಾಲದಿದ್ದರೆ ಎರಡು, ನಾಲ್ಕು.

ಹಸಿರುಗಣ್ಣಕಪ್ಪೆ
ಕಪ್ಪೆ ಮಾತಿಗೆ ನಾನು. ಮ್ಯಾಕ್ರೋಗೆ 1/200, ಎಫ್ 11, ಐಎಸ್‌ಒ 400, ಫ್ಲಾಶ್‌ಗೆ ದೊಡ್ಡ ಡಿಫ್ಯೂಸರ್ (ಬೆಳಕು ಹರಡಿ ಮೃದು ಮಾಡೋ ಪರದೆ). ಒದ್ದೆ ಮೈ ಮೇಲೆ ಬರೀ ಫ್ಲಾಶ್ ಹೊಡೆದರೆ ಬಿಳಿ ಚುಕ್ಕೆ ಬಿಟ್ಟು ಏನೂ ಕಾಣಲ್ಲ. ಒಂದು ಕಪ್ಪೆಗೆ ನಾಲ್ಕೈದು ಫ್ಲಾಶ್ ಸಾಕು. ಕೂಗ್ತಿರೋದು ನಿಲ್ಲಿಸಿತಾ, ಲೈಟ್ ಆರಿಸಿ ಹಿಂದೆ ಸರೀರಿ.

ಕೈಯಲ್ಲಿ ಹಿಡಿದು ಬೇಕಾದ ಎಲೆ ಮೇಲೆ ಕೂರಿಸೋ 'ಕಲಾವಿದರು' ಇದ್ದಾರೆ. ಕಪ್ಪೆ ಉಸಿರಾಡೋದು ಚರ್ಮದಲ್ಲೂ, ನಿಮ್ಮ ಕೈ ಮೇಲಿನ ಉಪ್ಪು, ಆ ಡೀಟ್ ಕ್ರೀಮು ಎಲ್ಲ ನೇರ ಒಳಗೆ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಚಾಚಿದ ಎಲೆಗಳಿಗೆ ನೊರೆಗೂಡು ಕಟ್ಟಿರುತ್ತೆ. ಫ್ರೇಮಿಗೆ ಅಡ್ಡ ಬಂತು ಅಂತ ಆ ಕೊಂಬೆ ಬಗ್ಗಿಸಿದರೆ ಗೊದಮೊಟ್ಟೆ ನೀರಿಗೆ ಬೀಳೋ ಬದಲು ನೆಲಕ್ಕೆ ಬೀಳುತ್ತೆ.

ಮತ್ತೆ ಕೊಂಬೆ ಹಿಡಿಯೋ ಮುಂಚೆ ಟಾರ್ಚ್ ಹಾಕಿ ನೋಡಿ. ಮಲಬಾರ್ ಗುಳಿ ಮಂಡಲ (ಪಿಟ್ ವೈಪರ್, ವಿಷದ ಹಾವು) ಮಳೆಗಾಲದಲ್ಲಿ ಸೊಂಟದೆತ್ತರದ ಗಿಡದಲ್ಲೇ ಗಂಟೆಗಟ್ಟಲೆ ಅಲುಗಾಡದೆ ಕೂತಿರುತ್ತೆ. ಹಸಿರು, ಕಂದು, ಹಳದಿ, ಯಾವ ಬಣ್ಣದಲ್ಲಿ ಬೇಕಾದ್ರೂ.

ತೋಟದಮೂಲೆ
ತುಂಬಾ ಧನ್ಯವಾದ ಎಲ್ಲರಿಗೂ. ಸೊಪ್ಪಿನ ಬೆಟ್ಟದ ವಿಷಯ ಹೊಳೆದಿರಲೇ ಇಲ್ಲ, ಅಂಗಳಕ್ಕೇ ಬದಲಾಯಿಸ್ತೀನಿ. ಹಾಗಾದ್ರೆ ಶನಿವಾರ ಬಾಡಿ + 35 ಮಾತ್ರ, ಭಾನುವಾರ 90 ಮತ್ತು ಟ್ರೈಪಾಡ್. 24-105 ಮನೇಲೇ ಬಿಡ್ಲಾ? ಟ್ರೈಪಾಡ್ ನೆನೆದರೆ ಏನೂ ಆಗಲ್ಲ ಅಲ್ವಾ?

ಲೆನ್ಸುಬಿಚ್ಚುವವ
ಬಿಡಿ, ಡಬ್ಬಿಯಲ್ಲಿ ಒಣಗ್ತಾ ಇರಲಿ. ಟ್ರೈಪಾಡಿಗೂ ಆಗುತ್ತೆ. ಹಳ್ಳದಲ್ಲಿ ನಿಲ್ಲಿಸುವಾಗ ಕೆಳಗಿನ ಸಪೂರ ಭಾಗವನ್ನೇ ಮೊದಲು ಪೂರ್ತಿ ಎಳೀರಿ, ಆಗ ತಿರುಪಿನ ಬೀಗ ನೀರಿಗಿಂತ ಮೇಲಿರುತ್ತೆ. ಕೆಂಪು ಮಣ್ಣು ಬೀಗದೊಳಗೆ ಹೋದರೆ ಮರಳುಕಾಗದ ಇದ್ದ ಹಾಗೆ. ಮನೆಗೆ ಬಂದು ಮೂರೂ ಕಾಲು ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಉದ್ದ ಬಿಟ್ಟೇ ಒಂದು ದಿನ ಒಣಗಿಸಿ. ಮಡಚಿ ಚೀಲಕ್ಕೆ ಹಾಕಿದರೆ ಒಳಗೇ ನೀರು ಉಳಿಯುತ್ತೆ.

ಗಿರಣಿಚಾಳ
ಹಳೇ ಸ್ಟುಡಿಯೋದವರು ಕಪಾಟಿನಾಗ ಝೀರೋ ಬಲ್ಬ್ ಹಚ್ಚಿ ಕ್ಯಾಮೆರಾ ಇಡ್ತಿದ್ರಲ್ಲ, ಅದು ನಡೀತದೇನ್ರಿ? ಡಬ್ಬಿ, ಜೆಲ್ ಅಂತ ರೊಕ್ಕ ಯಾಕ ಹಾಕೂದು.

ಲೆನ್ಸುಬಿಚ್ಚುವವ
ನಡೆಯುತ್ತೆ. ಬಲ್ಬಿನ ಶಾಖಕ್ಕೆ ಕಪಾಟು ಹೊರಗಿಗಿಂತ ಮೂರ್ನಾಲ್ಕು ಡಿಗ್ರಿ ಬೆಚ್ಚಗಿದ್ದರೆ ಒಳಗಿನ ತೇವಾಂಶ ಇಳಿಯುತ್ತೆ, ಬೂಷ್ಟು ಹಿಡಿಯಲ್ಲ. ಮೇಲೆ, ಕೆಳಗೆ ಎರಡು ತೂತು ಇರಬೇಕು. ತೇವಾಂಶದ ಮೀಟರ್ ಒಂದಿಡಿ, 40ರಿಂದ 50 ಇದ್ದರೆ ಸಾಕು. 30ಕ್ಕಿಂತ ಕೆಳಗೆ ಹೋದ್ರೆ ರಬ್ಬರು ಒಣಗುತ್ತೆ.

ಗಿರಣಿಚಾಳ
ಹಂಗಾದ್ರ ನಾಳೆನ ಒಂದು ಎಲ್‌ಇಡಿ ಝೀರೋ ಬಲ್ಬ್ ತರ್ತೇನಿ.

ಲೆನ್ಸುಬಿಚ್ಚುವವ
ಎಲ್‌ಇಡಿ ಅಲ್ಲ ಸ್ವಾಮಿ! ಅರ್ಧ ವ್ಯಾಟಿನದು, ಬೆಚ್ಚಗೇ ಆಗಲ್ಲ. ತಂತಿ ಕೆಂಪಗಾಗೋ ಹಳೇ 15 ವ್ಯಾಟ್ ಬಲ್ಬೇ ಬೇಕು.